ಶಿರಸಿ–ಹುಲೇಕಲ್–ಸೋಂದಾ–ಸಹಸ್ರಲಿಂಗ: ಸೈಕಲ್‌ನಲ್ಲಿ ನಿಧಾನಕ್ಕೆ ಒಂದು ಸುತ್ತು

ನಿಧಾನ ಸವಾರ

ಶಿರಸಿಗೆ ಸೈಕಲ್ ತರುತ್ತೇವೆ, ಎಲ್ಲಿಗೆ ಹೋಗೋಣ ಅಂತ ಇಲ್ಲಿ ಆಗಾಗ ಯಾರಾದರೂ ಕೇಳುತ್ತಾರೆ. ಉತ್ತರ ಯಾವಾಗಲೂ ಯಾಣ, ಜೋಗ, ಉಂಚಳ್ಳಿ. ಎಲ್ಲ ಚೆಂದದ ಜಾಗಗಳೇ, ಆದರೆ ಅವೆಲ್ಲ ಹೋಗಿ ಮುಟ್ಟುವ ಜಾಗಗಳು. ದಾರಿಯೇ ಮುಖ್ಯವಾಗುವ ಒಂದು ಸುತ್ತು ಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ: ಶಿರಸಿಯಿಂದ ಹುಲೇಕಲ್, ಅಲ್ಲಿಂದ ಸೋಂದಾ, ಸ್ವರ್ಣವಲ್ಲಿ, ಆಮೇಲೆ ಯಲ್ಲಾಪುರ ರಸ್ತೆಗೆ ಬಂದು ಸಹಸ್ರಲಿಂಗ, ವಾಪಸ್ ಶಿರಸಿ. ಐವತ್ತು ಕಿಲೋಮೀಟರ್ ಆಸುಪಾಸು. ಅಲ್ಲಲ್ಲಿ ಒಳಗೆ ಹೊಕ್ಕರೆ ಇನ್ನೂ ಸ್ವಲ್ಪ ಜಾಸ್ತಿ.

ಬೆಳಗ್ಗೆ ಆರೂವರೆಗೆಲ್ಲ ಶಿರಸಿ ಬಿಡಿ. ಚಳಿಗಾಲದಲ್ಲಿ ಆ ಹೊತ್ತಿಗೆ ಮಂಜು ಇರುತ್ತದೆ, ಹಿಂದೆ ಮುಂದೆ ಎರಡೂ ಲೈಟ್ ಹಾಕಿಕೊಳ್ಳಿ. ಹುಲೇಕಲ್ ರಸ್ತೆ ಹಿಡಿದು ಪೇಟೆ ದಾಟಿದರೆ ಸಾಕು, ವಾಹನ ಕಡಿಮೆ. ಹತ್ತು ಹನ್ನೆರಡು ಕಿಲೋಮೀಟರ್ ತುಂಬಾ ಇಳಿ, ಏರು, ಇಳಿ, ಏರು. ದೊಡ್ಡ ಘಟ್ಟ ಇಲ್ಲ. ಪ್ರತಿ ಇಳಿಜಾರಿನ ತಳದಲ್ಲಿ ಒಂದು ಹಳ್ಳ, ಹಳ್ಳದ ಪಕ್ಕ ಅಡಿಕೆ ತೋಟ, ತೋಟದ ತಲೆಯ ಮೇಲೆ ನಾಲ್ಕಾರು ಮನೆ, ಅದರ ಮೇಲೆ ಕಾಡು. ಇದೇ ಜೋಡಣೆ ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ಹೋದವರು ಕಾಡಿನ ನಡುವೆ ಊರು ಬಂತು ಅಂತಾರೆ. ಎರಡು ಮೂರು ಹಳ್ಳ ದಾಟುವ ಹೊತ್ತಿಗೆ ಗೊತ್ತಾಗುತ್ತದೆ, ನೀರು, ತೋಟ, ಮನೆ, ಕಾಡು ಎಲ್ಲ ಒಂದಕ್ಕೊಂದು ಲೆಕ್ಕ ಹಾಕಿ ಕೂತಿವೆ ಅಂತ.

ಕಾಡಲ್ಲೂ ಎರಡು ತರಹ ಕಾಣುತ್ತದೆ. ಕೆಲವು ಕಡೆ ಮರಗಳ ಕೊಂಬೆ ಸವರಿರುತ್ತಾರೆ, ಕಾಂಡ ಉದ್ದಕ್ಕೆ ನಿಂತಿರುತ್ತದೆ, ತುದಿಯಲ್ಲಿ ಮಾತ್ರ ಸೊಪ್ಪು, ನೆಲಕ್ಕೆ ಬಿಸಿಲು ಬೀಳುತ್ತದೆ. ಅದು ಸೊಪ್ಪಿನ ಬೆಟ್ಟ. ತೋಟಕ್ಕೆ ಹಾಕುವ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಅಲ್ಲಿಂದಲೇ. ಕೆಲವು ಕಡೆ ಇದ್ದಕ್ಕಿದ್ದಂತೆ ತಂಪಾಗುತ್ತದೆ, ಕತ್ತಲಾಗುತ್ತದೆ, ಬಳ್ಳಿಗಳು ರಸ್ತೆಗೇ ಇಳಿದಿರುತ್ತವೆ. ಅದು ಕಾನು. ಕಾರಿನಲ್ಲಿ ಹೋದರೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಸೈಕಲ್‌ನಲ್ಲಿ ಚರ್ಮಕ್ಕೇ ಗೊತ್ತಾಗುತ್ತದೆ.

ಹುಲೇಕಲ್‌ನಲ್ಲಿ ಚಹಾ ಕುಡಿದು ಸೋಂದಾ ದಾರಿ ಹಿಡಿಯಿರಿ. ಸೋಂದಾಗೆ ಕನಿಷ್ಠ ಮೂರು ತಾಸು ಕೊಡಿ. ವಾದಿರಾಜ ಮಠ, ಧವಳಗಂಗೆ ಪುಷ್ಕರಣಿ, ತ್ರಿವಿಕ್ರಮ ದೇವಸ್ಥಾನ, ಸ್ವಾದಿ ಜೈನ ಮಠ, ಮುಂಡಿಗೆಕೆರೆ, ಕೋಟೆಯ ಉಳಿಕೆ. ಅಲ್ಲಿಂದ ಸ್ವರ್ಣವಲ್ಲಿ ಮಠ ಹತ್ತಿರವೇ. ವೈಷ್ಣವ, ಜೈನ, ಸ್ಮಾರ್ತ ಮೂರೂ ಮಠಗಳು ಇಷ್ಟು ಹತ್ತಿರ ಹತ್ತಿರ, ಅದೂ ಇಂಥ ಕಾಡಿನ ನಡುವೆ ಇರುವ ಇನ್ನೊಂದು ಊರು ನನಗೆ ಗೊತ್ತಿಲ್ಲ. ಕೊನೆಗೆ ಸಹಸ್ರಲಿಂಗ, ಶಾಲ್ಮಲಾ ನದಿಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು, ಎದುರಿಗೆ ನಂದಿಗಳು. ಅಲ್ಲಿಂದ ಶಿರಸಿಗೆ ಸುಮಾರು 14 ಕಿಲೋಮೀಟರ್.

ಏನಾದರೂ ಕೇಳುವುದಿದ್ದರೆ ಕೇಳಿ.

ಬೆಂಗಳೂರು ಚಕ್ರ

ಸರ್, ಒಳ್ಳೆಯ ಮಾಹಿತಿ. ಆದರೆ ಐವತ್ತು ಕಿಲೋಮೀಟರ್‌ಗೆ ಇಡೀ ದಿನ ಯಾಕೆ? ನಾವು ನಂದಿ ಬೆಟ್ಟ ಹತ್ತಿ ಬರುವವರು, ಇದನ್ನು ಎರಡೂವರೆ ತಾಸಲ್ಲಿ ಮುಗಿಸುತ್ತೇವೆ. ಇದರ ಜೊತೆ ಯಾಣವನ್ನೂ ಸೇರಿಸಿ ಒಂದೇ ದಿನ ನೂರಿಪ್ಪತ್ತು ಮಾಡಬಹುದಾ? ಮತ್ತೆ ಸೈಕಲ್ ತರುವುದು ಹೇಗೆ? ನನ್ನದು ರೋಡ್ ಬೈಕ್, 25 ಎಂಎಂ ಟೈರ್.

ನಿಧಾನ ಸವಾರ

ಮುಗಿಸಬಹುದು, ನಿಮ್ಮ ಕಾಲಲ್ಲಿ ಶಕ್ತಿ ಇದೆ. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ವೇಗದ ಸವಾರಿಗೆ ನಿಮ್ಮ ಕಡೆ ಒಳ್ಳೆಯ ರಸ್ತೆಗಳಿವೆ. ಈ ಸುತ್ತಿನಲ್ಲಿ ನೋಡುವುದೆಲ್ಲ ರಸ್ತೆಯಿಂದ ಹತ್ತು ಮಾರು ಆಚೆಗೆ ಇದೆ. ಮರದ ಬುಡಕ್ಕೆ ಒರಗಿಸಿಟ್ಟ ನಾಗರಕಲ್ಲು, ತೋಟದ ಮೂಲೆಯ ಚೌಡಿ ಕಟ್ಟೆ, ಕಟ್ಟೆಯ ಪಕ್ಕದ ವೀರಗಲ್ಲು. ಯಾವುದಕ್ಕೂ ಫಲಕ ಇಲ್ಲ. ಇಳಿಜಾರಲ್ಲಿ ಮೂವತ್ತು ನಲವತ್ತು ವೇಗದಲ್ಲಿ ಬಂದರೆ ಒಂದೂ ಕಣ್ಣಿಗೆ ಬೀಳುವುದಿಲ್ಲ. ಅದಲ್ಲದೆ ರಸ್ತೆಗಳು ಸಪೂರ, ತಿರುವಿನಾಚೆ ದನ ನಿಂತಿರುತ್ತದೆ, ಮಕ್ಕಳು ಶಾಲೆಗೆ ನಡೆದು ಹೋಗುತ್ತಿರುತ್ತಾರೆ. ಯಾಣ ಕುಮಟಾ ಕಡೆ, ಅದು ಬೇರೆಯೇ ದಿನದ ಮಾತು.

ಟೈರ್ 32ಕ್ಕಿಂತ ದಪ್ಪ ಇದ್ದರೆ ಒಳ್ಳೆಯದು, 38–40 ಆದರೆ ಆರಾಮ. ಡಾಂಬರು ಇದೆ, ಆದರೆ ಮಳೆಗಾಲ ಮುಗಿದ ಮೇಲೆ ಅಂಚು ಕಿತ್ತಿರುತ್ತದೆ. ಬ್ರೇಕ್ ಪ್ಯಾಡ್ ಹೊಸದು ಇರಲಿ. ಹುಲೇಕಲ್ ದಾಟಿದ ಮೇಲೆ ಸೈಕಲ್ ಅಂಗಡಿ ಸಿಗುತ್ತದೆ ಅಂತ ನಂಬಬೇಡಿ, ಎರಡು ಟ್ಯೂಬ್, ಪಂಪ್, ಪ್ಯಾಚ್ ಜೊತೆಗಿರಲಿ. ಮೊಬೈಲ್ ಸಿಗ್ನಲ್ ಎಷ್ಟೋ ಕಡೆ ಇಲ್ಲ, ನಕ್ಷೆ ಮೊದಲೇ ಇಳಿಸಿಕೊಳ್ಳಿ.

ಸೈಕಲ್ ತರುವುದಕ್ಕೆ ರಾತ್ರಿ ಬಸ್ ಸುಲಭ. ಎರಡೂ ಗಾಲಿ ಬಿಚ್ಚಿ, ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿ ಇಡಿ, ಡಿರೈಲರ್ (ಗೇರ್ ಬದಲಿಸುವ ಭಾಗ) ಇರುವ ಬದಿ ಮೇಲೆ ಬರಲಿ. ಟಿಕೆಟ್ ಮಾಡುವ ಮೊದಲೇ ಕೇಳಿಕೊಳ್ಳಿ, ಹಬ್ಬದ ವಾರದಲ್ಲಿ ಡಿಕ್ಕಿ ತುಂಬಿರುತ್ತದೆ. ರೈಲು ಬೇಕೆಂದರೆ ತಾಳಗುಪ್ಪದವರೆಗೆ ಬಂದು, ಅಲ್ಲಿಂದ ಸಿದ್ದಾಪುರದ ಮೇಲೆ ಐವತ್ತು ಚಿಲ್ಲರೆ ಕಿಲೋಮೀಟರ್ ತುಳಿದು ಶಿರಸಿ ಸೇರಬಹುದು. ಆ ದಾರಿಯೂ ಚೆನ್ನಾಗಿದೆ.

ಕಾನಿನ ಅಂಚು

ನಾನು ಹುಲೇಕಲ್ ಸೀಮೆಯವನು. ಬರೆದದ್ದು ಓದಿ ಖುಷಿಯಾಯಿತು. ಸೊಪ್ಪಿನ ಬೆಟ್ಟದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಹೊರಗಿನಿಂದ ಬಂದವರು ಕೊಂಬೆ ಸವರಿದ ಮರ ನೋಡಿ ಕಾಡು ಹಾಳು ಮಾಡಿದ್ದಾರೆ ಅಂತ ಫೋಟೋ ಹಾಕುತ್ತಾರೆ. ಹಾಗಲ್ಲ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅನ್ನುವ ಲೆಕ್ಕದಲ್ಲಿ ಬ್ರಿಟಿಷರ ಕಾಲದಿಂದ ನಮ್ಮ ಸೀಮೆಯಲ್ಲಿ ಸೊಪ್ಪಿನ ಹಕ್ಕು ಇದೆ. ನೆಲ ಸರ್ಕಾರದ್ದು, ಸೊಪ್ಪು ತೋಟದವರದ್ದು. ಚೆನ್ನಾಗಿ ನೋಡಿಕೊಂಡವರ ಬೆಟ್ಟದಲ್ಲಿ ಮತ್ತಿ, ನಂದಿ, ಹೊನ್ನೆ ಇವತ್ತಿಗೂ ಸೊಗಸಾಗಿ ನಿಂತಿವೆ. ಕೆಲವರದು ಬೋಳಾಗಿದೆ, ಅದೂ ನಿಜ. ಎರಡನ್ನೂ ಈ ದಾರಿಯಲ್ಲೇ ನೋಡಬಹುದು.

ಇನ್ನೊಂದು. ಹುಲೇಕಲ್‌ನಿಂದ ಸೋಂದಾಗೆ ತಿರುಗುವ ಮೊದಲು, ಕಾಲಲ್ಲಿ ಕಸುವಿದ್ದರೆ, ವಾನಳ್ಳಿ ರಸ್ತೆಯಲ್ಲಿ ಸಾಲ್ಕಣಿ ಕಡೆಗೆ ಸ್ವಲ್ಪ ಹೋಗಿ ಬನ್ನಿ. ಅಪ್ಪಿಕೋ ಚಳವಳಿ ಹುಟ್ಟಿದ್ದು ಅಲ್ಲೇ. 1983ರ ಸೆಪ್ಟೆಂಬರ್ 8. ಸಾಲ್ಕಣಿ ಮತ್ತು ಅಕ್ಕಪಕ್ಕದ ಊರಿನ ಗಂಡಸರು, ಹೆಂಗಸರು, ಮಕ್ಕಳು ಮಳೆಯಲ್ಲೇ ನಡೆದು ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಮರ ಕಡಿಯುವವರು ಕೊಡಲಿ ಕೆಳಗಿಡಬೇಕಾಯಿತು. 38 ದಿನ ನಡೆಯಿತು, ಕೊನೆಗೆ ಕಡಿಯುವ ಆದೇಶ ವಾಪಸಾಯಿತು. ಸಹಜ ಕಾಡು ಕಡಿದು ಸಾಗವಾನಿ, ನೀಲಗಿರಿ ನೆಡುತ್ತಿದ್ದ ಕಾಲ ಅದು. ತೇಗದ ತೋಪಿನಲ್ಲಿ ದರಕು ಕೊಳೆಯುವುದಿಲ್ಲ, ಹಳ್ಳದಲ್ಲಿ ನೀರು ನಿಲ್ಲುವುದಿಲ್ಲ, ಕಾಳುಮೆಣಸು ಇಲ್ಲ, ಜೇನು ಇಲ್ಲ. ಅದು ಊರವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಹಳ್ಳ ಬತ್ತಿದ್ದು ಅವರ ತೋಟದ್ದೇ. ಪಾಂಡುರಂಗ ಹೆಗಡೆಯವರು ಅದನ್ನು ಕಟ್ಟಿ ಬೆಳೆಸಿದರು. ಉಳಿಸು, ಬೆಳೆಸು, ಬಳಸು ಅನ್ನುವ ಮೂರು ಮಾತು ಆಗ ಈ ಕಡೆ ಎಲ್ಲರ ಬಾಯಲ್ಲೂ ಇತ್ತು. ಹಿಂದಿನ ತಲೆಮಾರಿನವರ ಜೊತೆ ಕೂತರೆ ಈಗಲೂ ಆ ದಿನಗಳ ಸುದ್ದಿ ತೆಗೆಯುತ್ತಾರೆ.

ಅದಕ್ಕೇ ಹೇಳುತ್ತೇನೆ, ಈ ದಾರಿಯಲ್ಲಿ ಪಾರಂಪರಿಕ ತಾಣ ಅಂದರೆ ದೇವಸ್ಥಾನ ಮಾತ್ರ ಅಂದುಕೊಳ್ಳಬೇಡಿ. ಕಾಡೂ ಅದೇ ಪಟ್ಟಿಗೆ ಸೇರಬೇಕು.

ಇತಿಹಾಸದ ಹುಚ್ಚು

ಕಾನಿನ ಅಂಚು ಅವರ ಕೊನೆಯ ಮಾತಿಗೆ ನನ್ನದೂ ಒಂದು ಹೌದು. ಸೋಂದಾ ಒಂದು ಅರಸು ಮನೆತನದ ರಾಜಧಾನಿ ಆಗಿದ್ದೇ ಈ ಕಾನುಗಳಿಂದ. ಇಲ್ಲಿ ಬಯಲಿಲ್ಲ, ದೊಡ್ಡ ಗದ್ದೆ ಬಯಲು ಬೇಕೆಂದರೆ ಬನವಾಸಿ ಕಡೆಗೇ ಹೋಗಬೇಕು. ಆದರೆ ಕಾಳುಮೆಣಸು ಇತ್ತು. ಸೋಂದಾದ ಮೆಣಸಿಗೆ ಪೋರ್ಚುಗೀಸರು, ಇಂಗ್ಲಿಷರು ಕರಾವಳಿಯಲ್ಲಿ ಕಾದು ಕೂತಿರುತ್ತಿದ್ದರು, ಕಾರವಾರದಲ್ಲಿ ಇಂಗ್ಲಿಷರು ವ್ಯಾಪಾರದ ಕೋಠಿ ಹಾಕಿದ್ದಕ್ಕೆ ಮೆಣಸೂ ಒಂದು ಕಾರಣ. ಘಟ್ಟದ ಮೇಲಿನ ಕಾನಿನ ಮೆಣಸು ಎತ್ತುಗಳ ಬೆನ್ನ ಮೇಲೆ ಕೆಳಗಿಳಿಯುತ್ತಿತ್ತು. ಆ ಹಣದಿಂದ ಕೋಟೆ, ಬಸದಿ, ಮಠ, ಕೆರೆ. ನೀವು ಸೈಕಲ್‌ನಲ್ಲಿ ಕಾನು ದಾಟಿ ಸೋಂದಾಗೆ ಬರುತ್ತೀರಲ್ಲ, ಅದು ಆ ಊರಿನ ಕಥೆಯನ್ನು ಸರಿಯಾದ ಕ್ರಮದಲ್ಲಿ ಓದಿದ ಹಾಗೆ.

ಸೋಂದಾದ ಅರಸ ಅರಸಪ್ಪ ನಾಯಕನ ಕಾಲ 1555ರಿಂದ 1598. ಮಾಧ್ವ ಯತಿ ವಾದಿರಾಜರಿಗೆ ಆಶ್ರಯ ಕೊಟ್ಟವನು ಅವನೇ. ವಾದಿರಾಜರು 1600ರಲ್ಲಿ ಇಲ್ಲಿಯೇ ವೃಂದಾವನಸ್ಥರಾದರು. ಉಡುಪಿಯ ಪರ್ಯಾಯ, ಅಂದರೆ ಮಠಗಳ ಪೂಜೆಯ ಸರದಿ, ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದದ್ದನ್ನು ಎರಡು ವರ್ಷಕ್ಕೆ ತಂದವರೂ ಅವರೇ. ಅಂಥವರು ಕರಾವಳಿ ಬಿಟ್ಟು ಈ ಕಾಡಿನ ರಾಜಧಾನಿಯನ್ನು ಆರಿಸಿಕೊಂಡರು. ಸಹಸ್ರಲಿಂಗ ಕೆತ್ತಿಸಿದ್ದು ಅದೇ ಮನೆತನದ ಸದಾಶಿವರಾಯ ಎಂದು ಹೇಳುತ್ತಾರೆ, ಅವನ ಕಾಲ 1678ರಿಂದ 1718. ಒಂದೇ ಮನೆತನ ಜೈನ ಮಠವನ್ನೂ, ಮಾಧ್ವ ಮಠವನ್ನೂ, ಸ್ವರ್ಣವಲ್ಲಿಯನ್ನೂ ಪೋಷಿಸಿತು.

1763ರಲ್ಲಿ ಹೈದರಾಲಿಯ ಸೈನ್ಯ ಬಂದು ಎಲ್ಲ ಮುಗಿಯಿತು. ರಾಜ ಗೋವೆಗೆ ಓಡಿದ. ಕೋಟೆ ನೋಡಲು ಹೋಗುವವರು ದೊಡ್ಡ ನಿರೀಕ್ಷೆ ಇಟ್ಟುಕೊಳ್ಳಬೇಡಿ, ಗಿಡಗಂಟಿಯ ನಡುವೆ ಗೋಡೆಯ ತುಂಡುಗಳು. ಆದರೂ ಹೋಗಿ. ಕಾಡು ಒಂದು ರಾಜಧಾನಿಯನ್ನು ಹೇಗೆ ವಾಪಸ್ ತೆಗೆದುಕೊಳ್ಳುತ್ತದೆ ಅನ್ನುವುದು ಅಲ್ಲಿ ಕಾಣುತ್ತದೆ.

ಫೋಂಡಾ ಕನ್ನಡಿಗ

ಗೋವಾದಿಂದ ಬರೆಯುತ್ತಿದ್ದೇನೆ. ಆ ರಾಜ ಓಡಿ ಬಂದದ್ದು ನಮ್ಮ ಫೋಂಡಾ ಸೀಮೆಗೆ. ಬಾಂದೋಡೆಯ ನಾಗೇಶಿಯಲ್ಲಿ ಸೋಂದಾ ಅರಸರ ಮನೆ ಇಂದಿಗೂ ಇದೆ, ಇಲ್ಲಿನವರಿಗೆ ಅವರು ಸೌಂದೇಕರರು. ಗೋವಾದಲ್ಲಿ ಕೆಲಸಕ್ಕಿರುವ ಉತ್ತರ ಕನ್ನಡದವರಲ್ಲಿ ಎಷ್ಟೋ ಜನ ನಾಗೇಶಿ ದೇವಸ್ಥಾನಕ್ಕೆ ಹೋಗುತ್ತಾರೆ, ಪಕ್ಕದಲ್ಲೇ ನಮ್ಮ ಶಿರಸಿ ಕಡೆಯ ಅರಸರ ಮನೆ ಇದೆ ಅಂತ ಗೊತ್ತೇ ಇರುವುದಿಲ್ಲ. ಈ ಸುತ್ತು ಮಾಡಿದವರು ಗೋವೆಗೆ ಬಂದಾಗ ಅಲ್ಲಿಗೂ ಹೋಗಿ. ಕಥೆಯ ಉಳಿದರ್ಧ ಅಲ್ಲಿದೆ.

ಎರಡು ಗಾಲಿಯ ಅಕ್ಕ

ನಾವು ಹುಬ್ಬಳ್ಳಿಯಿಂದ ಮೂರು ಕುಟುಂಬ ಬರೋಣ ಅಂತ ಮಾತಾಡಿಕೊಂಡಿದ್ದೇವೆ. ಮಕ್ಕಳು ಹನ್ನೆರಡು ಹದಿಮೂರು ವರ್ಷದವರು, ಗೇರ್ ಸೈಕಲ್ ಓಡಿಸುತ್ತಾರೆ. ಏರು ಹೆಚ್ಚಾಗುತ್ತದಾ? ಊಟ, ಶೌಚಾಲಯ, ಕುಡಿಯುವ ನೀರು ಎಲ್ಲೆಲ್ಲಿ? ಮತ್ತೆ ಹೆಣ್ಣುಮಕ್ಕಳು ಮಾತ್ರ ಹೋಗುವುದಿದ್ದರೆ ಈ ದಾರಿ ಹೇಗೆ, ಅದನ್ನೂ ನೇರವಾಗಿ ಹೇಳಿ.

ನಿಧಾನ ಸವಾರ

ಅಕ್ಕ, ಮಕ್ಕಳಿಗೆ ಇಡೀ ಸುತ್ತು ಒಂದೇ ದಿನ ಕಷ್ಟ. ಏರುಗಳು ಚಿಕ್ಕವು, ಆದರೆ ಮುಗಿಯುವುದೇ ಇಲ್ಲ. ಸೋಂದಾದಲ್ಲಿ ಅಥವಾ ಹತ್ತಿರದ ಹೋಮ್‌ಸ್ಟೇನಲ್ಲಿ ಒಂದು ರಾತ್ರಿ ನಿಂತು ಎರಡು ದಿನ ಮಾಡಿ. ಮಠದಲ್ಲಿ ಉಳಿಯುವ ವ್ಯವಸ್ಥೆ ಇದೆ, ಮೊದಲೇ ಫೋನ್ ಮಾಡಿ ಕೇಳಿ. ಮಧ್ಯಾಹ್ನದ ಊಟ ವಾದಿರಾಜ ಮಠದಲ್ಲೇ ಮಾಡಬಹುದು. ಒಂದು ನೆನಪಿಡಿ, ಏಕಾದಶಿ ದಿನ ಊಟ ಇರುವುದಿಲ್ಲ, ಪಂಚಾಂಗ ನೋಡಿ ಹೊರಡಿ. ಅವತ್ತು ಸ್ವಂತ ಬುತ್ತಿ ಬೇಕು. ಶೌಚಾಲಯ ಶಿರಸಿ ಬಿಟ್ಟರೆ ಮಠಗಳ ಹತ್ತಿರ ಮಾತ್ರ ಅಂತ ಲೆಕ್ಕ ಹಾಕಿಕೊಳ್ಳಿ.

ಸೈಕಲ್ ಬಟ್ಟೆಯಲ್ಲಿ ಮಠದೊಳಗೆ ಹೋಗುವುದು ಚೆನ್ನಾಗಿರುವುದಿಲ್ಲ. ಒಂದು ತೆಳು ಪಂಚೆ, ಹೆಂಗಸರಿಗೆ ಒಂದು ಚೂಡಿದಾರ್ ಬ್ಯಾಗಿನಲ್ಲಿ ಇರಲಿ, ಭಾರ ಏನೂ ಆಗುವುದಿಲ್ಲ.

ಕಾನಿನ ಅಂಚು

ನೀರಿನ ಚಿಂತೆ ಬೇಡ ಅಕ್ಕ. ರಸ್ತೆ ಬದಿಯ ಯಾವ ಮನೆಯ ಮುಂದೆ ನಿಂತು ಕೇಳಿದರೂ ಕೊಡುತ್ತಾರೆ. ಅಂಗಳಕ್ಕೆ ಹೋದರೆ "ಆಸರಿಗೆ ಎಂತ ಬೇಕು" ಅಂತ, ಅಂದರೆ ಕುಡಿಯಲು ಏನು ಬೇಕು ಅಂತ, ಮೊದಲು ಅದನ್ನೇ ಕೇಳುತ್ತಾರೆ. ಬೇಸಿಗೆಯಾದರೆ ಮುರುಗಲು ಹಣ್ಣಿನ ಪಾನಕ, ಮಜ್ಜಿಗೆ, ಚಳಿಗಾಲವಾದರೆ ಕಷಾಯ. ಹಾಗಂತ ಹತ್ತು ಹನ್ನೆರಡು ಜನ ಒಟ್ಟಿಗೆ ಒಂದೇ ಮನೆಯ ಅಂಗಳಕ್ಕೆ ನುಗ್ಗಬೇಡಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ಅಡಿಕೆ ಕೊಯ್ಲು, ಮನೆಯವರೆಲ್ಲ ಸುಲಿಯುವುದು, ಬೇಯಿಸುವುದು, ಒಣಗಿಸುವುದರಲ್ಲಿ ಮುಳುಗಿರುತ್ತಾರೆ. ಅಂಗಳದಲ್ಲಿ ಹರವಿದ ಅಡಿಕೆ ತುಳಿಯದ ಹಾಗೆ ಮಕ್ಕಳಿಗೆ ಹೇಳಿ. ಶಿರಸಿ ಅಡಿಕೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಅದು ಮೊದಲು ತಯಾರಾಗುವುದು ಈ ಅಂಗಳಗಳಲ್ಲೇ. ಆ ತಿಂಗಳುಗಳಲ್ಲಿ ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆಯೂ ನಡೆಯುತ್ತಿದ್ದರೆ ಬಿಡಬೇಡಿ, ಕಬ್ಬಿನ ಹಾಲು ಕುಡಿದು ನೊರೆಬೆಲ್ಲ ತಿನ್ನಿ, ತೊಡೆದೇವು ಅನ್ನುವ ತೆಳು ಸಿಹಿತಿಂಡಿ ಮಾಡುವ ಮನೆ ಸಿಕ್ಕರೆ ಇನ್ನೂ ಅದೃಷ್ಟ.

ಹೆಣ್ಣುಮಕ್ಕಳ ಸುರಕ್ಷತೆ ಬಗ್ಗೆ ನಮ್ಮ ಮನೆಯವಳು ಹೇಳಿದ್ದು: ಹಗಲಲ್ಲಿ ಏನೂ ತೊಂದರೆ ಇಲ್ಲ, ಆದರೆ ಐದು ಗಂಟೆಯ ಮೇಲೆ ಕಾನಿನ ನಡುವೆ ಇರಬೇಡಿ. ಅದು ಗಂಡಸರಿಗೂ ಅನ್ವಯಿಸುತ್ತದೆ. ಸಂಜೆ ಕಾಡುಕೋಣ ರಸ್ತೆಗೆ ಬರುತ್ತದೆ. ಕಂಡರೆ ದೂರದಲ್ಲೇ ನಿಲ್ಲಿ, ಗಂಟೆ ಹೊಡೆಯಬೇಡಿ, ಅದು ದಾಟಿ ಹೋಗಲಿ.

ಊರಿನ ನರ್ಸ್

ಯಾರೂ ಹೇಳದ ಒಂದು ವಿಷಯ, ಮಂಗನ ಕಾಯಿಲೆ. ಹೆದರಿಸಲು ಹೇಳುತ್ತಿಲ್ಲ, ಗೊತ್ತಿರಲಿ ಅಂತ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದದ್ದು. ನಮ್ಮ ಪಕ್ಕದ ಸಿದ್ದಾಪುರ ತಾಲ್ಲೂಕಿನಲ್ಲಿ ಈಚಿನ ವರ್ಷಗಳಲ್ಲೂ ಜನ ಸತ್ತಿದ್ದಾರೆ. ಉಣ್ಣಿ ಕಚ್ಚಿ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ, ಅಂದರೆ ಸರಿಯಾಗಿ ಸೈಕಲ್‌ನವರು ಬರುವ ಕಾಲ. ರಸ್ತೆಯ ಮೇಲೆ ತುಳಿದುಕೊಂಡು ಹೋದರೆ ಅಪಾಯ ಕಡಿಮೆ. ದರಕಿನ ಮೇಲೆ ಕೂರುವುದು, ಮಲಗುವುದು ಬೇಡ. ಕಾಡೊಳಗೆ ಇಳಿಯುವುದಿದ್ದರೆ ಉದ್ದ ಪ್ಯಾಂಟ್, ಅದರ ತುದಿ ಸಾಕ್ಸ್ ಒಳಗೆ. ಸಂಜೆ ಬಿಸಿನೀರಲ್ಲಿ ಸೋಪು ಹಾಕಿ ಉಜ್ಜಿ ಸ್ನಾನ, ಹಾಕಿದ ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ತಿಳಿಸಿ. ಊರಿಗೆ ಹೋದ ಮೇಲೆ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಮೊದಲು ಹೇಳಿ. ಬೆಂಗಳೂರಿನ ಡಾಕ್ಟರಿಗೆ ನೀವು ಹೇಳದೆ ಅದು ಹೊಳೆಯುವುದಿಲ್ಲ.

ಮಳೆಗಾಲದ ಉಂಬಳಕ್ಕೆ ಸುಣ್ಣ, ಉಪ್ಪು ಸಾಕು. ಅದರಿಂದ ಕಾಯಿಲೆ ಇಲ್ಲ.

ಮಣ್ಣುದಾರಿ

ಎಲ್ಲ ಸರಿ, ಆದರೆ ಇಷ್ಟು ದೂರ ಬಂದು ಡಾಂಬರು ರಸ್ತೆ ಮೇಲೇ ಹೋಗುವುದಾ? ಸೋಂದಾದಿಂದ ಶಾಲ್ಮಲಾ ದಂಡೆ ಹಿಡಿದು ಸಹಸ್ರಲಿಂಗದವರೆಗೆ ಕಾಲುದಾರಿ ಇರಲೇಬೇಕು. ನಾವು ಮೌಂಟನ್ ಬೈಕ್‌ನವರು. ಯಾರ ಹತ್ತಿರವಾದರೂ ಆ ದಾರಿಯ ಜಿಪಿಎಕ್ಸ್ (ಜಿಪಿಎಸ್ ದಾರಿ ದಾಖಲೆಯ ಫೈಲ್) ಇದ್ದರೆ ಇಲ್ಲಿ ಹಾಕಿ, ಎಲ್ಲರಿಗೂ ಉಪಯೋಗ.

ಕಾನಿನ ಅಂಚು

ಅಣ್ಣ, ದಯವಿಟ್ಟು ಇದನ್ನು ಮಾಡಬೇಡಿ, ಯಾರೂ ಹಾಕಲೂ ಬೇಡಿ. ನಕ್ಷೆಯಲ್ಲಿ ಕಾಲುದಾರಿ ಅಂತ ಕಾಣುವುದು ಸೊಪ್ಪು ಹೊರುವ ದಾರಿ, ತೋಟಕ್ಕೆ ಇಳಿಯುವ ದಾರಿ, ಇಲ್ಲ ದನದ ದಾರಿ. ಯಾರದ್ದೋ ಬೆಟ್ಟದ ಒಳಗೆ ಹಾದು ಹೋಗುತ್ತದೆ. ಶಾಲ್ಮಲಾ ನದಿಯ ಇಕ್ಕೆಲದ ಕಾಡನ್ನು 2012ರಲ್ಲಿ ಸಂರಕ್ಷಣಾ ಮೀಸಲು ಮಾಡಿದ್ದಾರೆ, ಐದು ಚದರ ಕಿಲೋಮೀಟರ್ ಕೂಡ ಇಲ್ಲ. ಅಷ್ಟು ಚಿಕ್ಕ ಪಟ್ಟಿ. ಹೊಳೆದಂಡೆಯ ಅಪ್ಪೆಮಿಡಿ ಮರಗಳು, ರಾಮಪತ್ರೆ, ಉಪ್ಪಾಗೆ, ಮಂಗಟ್ಟೆ ಹಕ್ಕಿ ಗೂಡು ಮಾಡುವ ಹಳೇ ಮರಗಳು ಇರುವುದು ಇಂಥ ಪಟ್ಟಿಗಳಲ್ಲೇ. ಇಲ್ಲಿ ಮಳೆ ಎರಡು ಸಾವಿರ ಮಿಲಿಮೀಟರ್ ದಾಟುತ್ತದೆ. ಇಳಿಜಾರಲ್ಲಿ ಟೈರ್ ಒಂದು ಗೀರು ಎಳೆದರೆ ಮುಂದಿನ ಮಳೆಗೆ ಅದೇ ಕಾಲುವೆ. ನೀವು ಒಬ್ಬರೇ ಹೋದರೆ ಏನೂ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಜಿಪಿಎಕ್ಸ್ ಹಾಕಿದ ಮೇಲೆ ಒಬ್ಬರೇ ಬರುವುದಿಲ್ಲ.

ಮಣ್ಣುದಾರಿ

ಮೀಸಲು ಅಂತ ಗೊತ್ತಿರಲಿಲ್ಲ, ಅಲ್ಲಿ ಹೋಗುವುದಿಲ್ಲ. ಆದರೆ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊರಗಿನವರು ಕಾಡು ನೋಡಬಾರದು, ಊರವರು ಮಾತ್ರ ನೋಡಬೇಕು ಅಂದರೆ ನಾಳೆ ಇನ್ನೊಂದು ಯೋಜನೆ ಬಂದು ಕಾಡು ಮುಳುಗುವಾಗ ಹೊರಗಿನವರು ಯಾಕೆ ದನಿ ಎತ್ತಬೇಕು? ಬೇಡ್ತಿ–ವರದಾ ನದಿ ಜೋಡಣೆಯ ಮಾತು ಕೇಳುತ್ತಲೇ ಇದ್ದೇವಲ್ಲ. ನೋಡಿದ ಕಾಡಿನ ಮೇಲೆ ಮಾತ್ರ ಪ್ರೀತಿ ಹುಟ್ಟುವುದು.

ಕಾನಿನ ಅಂಚು

ಬೇಜಾರಿಲ್ಲ, ನ್ಯಾಯವಾದ ಮಾತು. ಶಾಲ್ಮಲಾ ಹೋಗಿ ಸೇರುವುದೂ ಬೇಡ್ತಿಯನ್ನೇ, ಹಾಗಾಗಿ ಆ ಯೋಜನೆಯ ಬಿಸಿ ನಮಗೆ ನೇರವಾಗಿ ತಟ್ಟುತ್ತದೆ. ಸ್ವರ್ಣವಲ್ಲಿ ಸ್ವಾಮೀಜಿಗಳೇ ಮುಂದೆ ನಿಂತು ವಿರೋಧಿಸುತ್ತಿದ್ದಾರೆ. ಹೊರಗಿನವರು ಬರಬೇಕು, ನೋಡಬೇಕು. ನಾನು ಹೇಳುವುದು ಇಷ್ಟೇ, ಕೇಳಿ ಹೋಗಿ. ಊರಲ್ಲಿ ಉಳಿದುಕೊಂಡರೆ ಆ ಮನೆಯವರೇ ತಮ್ಮ ಬೆಟ್ಟಕ್ಕೆ, ತೋಟಕ್ಕೆ ನಡೆಸಿಕೊಂಡು ಹೋಗುತ್ತಾರೆ. ಸೈಕಲ್ ಅಂಗಳದಲ್ಲಿ ಇರಲಿ, ನಡೆದು ಹೋಗಿ. ಯಾವ ಮರದ ಹೆಸರು ಏನು, ಯಾವುದರ ಕಾಯಿ ಯಾವುದಕ್ಕೆ ಅನ್ನುವುದು ಅವರ ಜೊತೆ ನಡೆದರೆ ಮಾತ್ರ ಗೊತ್ತಾಗುವುದು, ಹ್ಯಾಂಡಲ್ ಹಿಡಿದು ಬೇರು ಬಂಡೆ ತಪ್ಪಿಸುವಾಗ ಅಲ್ಲ. ಊರಿಗೂ ನಾಲ್ಕು ಕಾಸು ಬರುತ್ತದೆ.

ಬೆಳ್ಳಕ್ಕಿ

ಯಾವ ತಿಂಗಳು ಬರುವುದು ಒಳ್ಳೆಯದು ಅನ್ನುವುದರಲ್ಲಿ ನನ್ನ ಮಾತು ಸ್ವಲ್ಪ ಬೇರೆ. ಎಲ್ಲರೂ ಚಳಿಗಾಲ ಅಂತಾರೆ. ಮುಂಡಿಗೆಕೆರೆ ನೋಡಬೇಕೆಂದರೆ ಚಳಿಗಾಲದಲ್ಲಿ ಬಂದು ಪ್ರಯೋಜನ ಇಲ್ಲ. ಬೆಳ್ಳಕ್ಕಿಗಳು ಜೂನ್ ಹೊತ್ತಿಗೆ ಬಂದು ಕೆರೆಯ ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ, ಮರಿ ಮಾಡಿ ಮಳೆಗಾಲ ಮುಗಿಸಿ ಹೋಗುತ್ತವೆ. ಅಷ್ಟು ಚಿಕ್ಕ ಕೆರೆ, ಹಸಿರಿನ ಮೇಲೆ ಪೂರ್ತಿ ಬಿಳಿ. ಊರವರೇ ಕಾಯುತ್ತಾರೆ ಅದನ್ನು. ಆದರೆ ಜೂನ್ ಜುಲೈನಲ್ಲಿ ಸಹಸ್ರಲಿಂಗ ಕಾಣುವುದಿಲ್ಲ, ಹೊಳೆ ತುಂಬಿ ಲಿಂಗಗಳೆಲ್ಲ ನೀರೊಳಗೆ. ಎರಡನ್ನೂ ಒಂದೇ ಸಲ ನೋಡುವ ಆಸೆ ಬಿಡಿ. ನಾನಂತೂ ಆಗಸ್ಟ್ ಕೊನೆಯಲ್ಲಿ, ಮಳೆ ಬಿಟ್ಟು ಬಿಟ್ಟು ಬರುವಾಗ ಹೋಗುತ್ತೇನೆ. ರೇನ್‌ಕೋಟ್, ಮಡ್‌ಗಾರ್ಡ್, ಚೈನಿಗೆ ಮಳೆಗಾಲದ ಎಣ್ಣೆ ಇದ್ದರೆ ಸಾಕು. ಆ ಹೊತ್ತಿಗೆ ತೋಟದಲ್ಲಿ ಕೊಳೆ ರೋಗ ಬರದಿರಲಿ ಅಂತ ಅಡಿಕೆ ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟಿರುವುದು, ಔಷಧಿ ಹೊಡೆಯುವುದು ಎಲ್ಲ ಕಾಣುತ್ತದೆ. ರಸ್ತೆಯ ಪಾಚಿ ಮಾತ್ರ ನೋಡಿಕೊಳ್ಳಿ. ಮರದ ನೆರಳಿನ ಇಳಿಜಾರಲ್ಲಿ ಮುಂದಿನ ಬ್ರೇಕ್ ಒಮ್ಮೆಲೇ ಹಿಡಿಯಬೇಡಿ.

ಮಳೆಗಾಲದಲ್ಲಿ ಸಹಸ್ರಲಿಂಗಕ್ಕೆ ಹೋದರೂ ತೂಗುಸೇತುವೆ ಮೇಲಿಂದ ಹೊಳೆ ನೋಡಿ ಬನ್ನಿ, ಬಂಡೆಗೆ ಇಳಿಯಬೇಡಿ. ನೀರು ಇದ್ದಕ್ಕಿದ್ದಂತೆ ಏರುತ್ತದೆ.

ನಿಧಾನ ಸವಾರ

ಒಳ್ಳೆಯದಾಯಿತು ಹೇಳಿದ್ದು. ಸಹಸ್ರಲಿಂಗಕ್ಕೆ ಡಿಸೆಂಬರ್ ಆಮೇಲೆ ಸರಿ, ಆದರೆ ಶಿವರಾತ್ರಿ ದಿನ ಸೈಕಲ್‌ನಲ್ಲಿ ಬರಬೇಡಿ, ಕಾಲಿಡಲು ಜಾಗ ಇರುವುದಿಲ್ಲ. ಭಾನುವಾರ ಮಧ್ಯಾಹ್ನವೂ ಬೇಡ. ಅಲ್ಲಿ ಬಾಟಲಿ, ಚಿಪ್ಸ್ ಚೀಲ ಬಿದ್ದಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಮುನ್ನೂರು ವರ್ಷದ ಕೆತ್ತನೆ ಹೊಳೆಯ ಹೊಡೆತ ತಡೆದು ನಿಂತಿದೆ, ಅದರ ಮೇಲೆ ಚಪ್ಪಲಿ ಕಾಲಲ್ಲಿ ಹತ್ತಿ ಸೆಲ್ಫಿ. ಸೈಕಲ್‌ನವರಾದರೂ ಒಂದು ಖಾಲಿ ಚೀಲ ಇಟ್ಟುಕೊಂಡು ಹೋಗಿ, ನಮ್ಮದಲ್ಲದ ಕಸವನ್ನೂ ಒಂದಿಷ್ಟು ತರೋಣ.

ಶನಿವಾರ ಬೆಳಗ್ಗೆ ಇದೇ ಸುತ್ತನ್ನು ತಿರುಗಿಸಿ, ಅಂದರೆ ಸಹಸ್ರಲಿಂಗ ಮೊದಲು ಮಾಡಿದರೆ ಎಂಟು ಗಂಟೆಗೆಲ್ಲ ಅಲ್ಲಿ ಇರಬಹುದು. ಯಲ್ಲಾಪುರ ರಸ್ತೆಯ ವಾಹನಗಳೂ ಆ ಹೊತ್ತಿಗೆ ಕಡಿಮೆ. ಮಕ್ಕಳ ಜೊತೆ ಬರುವವರಿಗೆ ಇದೇ ಒಳ್ಳೆಯದು, ವಾಪಸ್ ಬರುವಾಗ ಸುಸ್ತಾದ ಮಕ್ಕಳು ದೊಡ್ಡ ರಸ್ತೆಯಲ್ಲಿ ಇರುವುದಿಲ್ಲ.

ಬೆಂಗಳೂರು ಚಕ್ರ

ಇಷ್ಟೆಲ್ಲ ಓದಿದ ಮೇಲೆ ನೂರಿಪ್ಪತ್ತರ ಯೋಚನೆ ಬಿಟ್ಟೆ. ಎರಡು ದಿನ ಮಾಡುತ್ತೇವೆ, ಸೋಂದಾದಲ್ಲಿ ರಾತ್ರಿ. 38ರ ಟೈರ್ ಹಾಕುವ ಗೆಳೆಯನ ಸೈಕಲ್ ತರುತ್ತೇನೆ. ಮೂರನೇ ದಿನ ಸಂಜೆ ಬಸ್‌ವರೆಗೆ ಹೊತ್ತು ಇರುತ್ತದೆ. ಬನವಾಸಿಗೆ ಹೋಗಿ ಬರಬಹುದಾ?

ಇತಿಹಾಸದ ಹುಚ್ಚು

ಆರಾಮಾಗಿ. ಶಿರಸಿಯಿಂದ ಪೂರ್ವಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಆ ಕಡೆ ಕಾಡು ತೆಳುವಾಗುತ್ತಾ ಗದ್ದೆ ಬಯಲು ಶುರುವಾಗುತ್ತದೆ, ಏರಿಳಿತ ಕಡಿಮೆ. ಮಧುಕೇಶ್ವರ ದೇವಸ್ಥಾನ ನೋಡಿ, ವರದಾ ನದಿ ದಂಡೆಗೆ ಹೋಗಿ. ಬಿಸಿಲು ಏರುವ ಮೊದಲು ಹೊತ್ತು ಉಳಿದರೆ ಹತ್ತಿರದ ಗುಡ್ನಾಪುರದ ಕೆರೆ ನೋಡಿ, ಕದಂಬ ರವಿವರ್ಮನ ಶಾಸನ ಸಿಕ್ಕಿದ ಊರು ಅದು. ಹೊರಡುವುದು ಬೆಳಗ್ಗೆ ಆರಕ್ಕೇ ಇರಲಿ, ಬಯಲಲ್ಲಿ ನೆರಳು ಸಿಗುವುದಿಲ್ಲ.

ಎರಡು ಗಾಲಿಯ ಅಕ್ಕ

ನಾವು ಜನವರಿ ಎರಡನೇ ಶನಿವಾರ ಬರುತ್ತಿದ್ದೇವೆ, ಸಹಸ್ರಲಿಂಗ ಮೊದಲು ಮಾಡುವ ಕ್ರಮದಲ್ಲಿ. ಕಾನಿನ ಅಂಚು ಅವರೇ, ಆಗ ಆಲೆಮನೆ ಇರುತ್ತದಾ?

ಕಾನಿನ ಅಂಚು

ಜನವರಿ ಎರಡನೇ ವಾರ ಅಂದರೆ ಕೆಲವು ಕಡೆ ಶುರುವಾಗಿರುತ್ತದೆ, ಕೆಲವು ಕಡೆ ಇನ್ನೂ ಹದಿನೈದು ದಿನ ತಡ. ಹೊರಡುವ ಹಿಂದಿನ ವಾರ ಇಲ್ಲೇ ಒಂದು ಸಾಲು ಹಾಕಿ ಅಕ್ಕ, ಎಲ್ಲಿ ಗಾಣ ಹೂಡಿದ್ದಾರೆ ಅಂತ ವಿಚಾರಿಸಿ ಹೇಳುತ್ತೇನೆ.